ಬಾಣಂತಿಯ ಮೀನು

ಹೊಳೆನರಸೀಪುರದಲ್ಲಿ ಹೊಳೆಯ ದಡದಲ್ಲೇ ಕೂತು ಮೀನು ಮಾರುತ್ತಿದ್ದ ಆಕೆಗೆ ನನ್ನ ತಾಯಿಯ ವಯಸ್ಸು. ಎಷ್ಟು ಕೆ.ಜಿ. ಬೇಕೆಂದು ಯಾರನ್ನೂ ಕೇಳಿದ್ದನ್ನು ನಾನು ಕಾಣೆ. ‘ಮನೇಲಿ ಯಾರ್ಗೆ?’ ಎನ್ನುವಳು. ಕೆಮ್ಮುವ ಮಗುವಿಗೆಂದರೆ ಏಡಿ, ಬಾಣಂತಿಗೆಂದರೆ ಜೀವಂತ ಕೊರವ ಮೀನು. ಬೆಸ್ತರ ಮನೆಯ ಈ ಮದ್ದು ಆಕೆಗೆ ಅತ್ತೆಯಿಂದ ಬಂದದ್ದು.

ನನ್ನ ಹೆಂಡತಿ ಹೆತ್ತು ಎರಡು ವಾರವಾಗಿತ್ತು, ಊಟ ಸೇರುತ್ತಿರಲಿಲ್ಲ. ಕೊರವ ಕೇಳಲು ಹೋದೆ. ಅವತ್ತು ಬಿಂದಿಗೆಯಲ್ಲಿದ್ದದ್ದು ಒಂದೇ. ಆಕೆ ಅದರ ಹೊಟ್ಟೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ, ಎದ್ದು ಹೋಗಿ ಹೊಳೆಗೇ ಬಿಟ್ಟುಬಿಟ್ಟಳು. ನನಗೆ ರೇಗಿತು.

‘ಮೊಟ್ಟೆ ಐತೆ ಕಣಪ್ಪ. ಬಾಣಂತಿ ಸಾರಿಗೆ ಬಸ್ರಿ ಮೀನು ಆಕಾಕಿಲ್ಲ ನಾವು. ನಾಳೆ ನಾನೇ ತತ್ತೀನಿ, ಓಗು.’

ಮಾರನೆಯ ಬೆಳಿಗ್ಗೆ ಬಿಂದಿಗೆ ಸೊಂಟದಲ್ಲಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಮೆಣಸು, ಬೆಳ್ಳುಳ್ಳಿ ಅರೆದು ತಾನೇ ಸಾರು ಕಾಯಿಸಿದಳು. ನನ್ನ ಹೆಂಡತಿ ಎರಡು ಬಟ್ಟಲು ಕುಡಿದು, ಇನ್ನೂ ಇದೆಯಾ ಎಂದಳು.

ಐದು ವರ್ಷದ ಮೇಲೆ ಎರಡನೇ ಹೆರಿಗೆಯಾದಾಗ ಮಗಳನ್ನೂ ಕರೆದುಕೊಂಡು ಹೋದೆ. ಬಿಂದಿಗೆಯ ತುಂಬ ಕೊರವ ಮಿಸುಕಾಡುತ್ತಿದ್ದವು. ಇಷ್ಟೊಂದು ಎಲ್ಲಿಂದ ಬಂದವು ಎಂದು ಮಗಳು ಕೇಳಿದಳು.

‘ನಿಮ್ಮಪ್ಪನ್ನೇ ಕೇಳವ್ವ,’ ಎಂದಳು ಆಕೆ. ‘ಇವುಗಳ ಅವ್ವನ್ನ ನಾನು ನೀರಿಗೆ ಬುಟ್ಟಾಗ ಮಕ ಊದುಸ್ಕೊಂಡಿದ್ದ.’