ಮೂರು ಜನದ ಜಮಖಾನ

ಟ್ರಂಕಿನ ಮುಚ್ಚಳ ಎತ್ತಿದೊಡನೆ ಬೇವಿನ ಎಲೆಯ ಕಹಿ ವಾಸನೆ ಮೂಗಿಗೆ ಬಂತು. ನುಸಿ ಹಿಡಿಯದಿರಲೆಂದು ವರ್ಷಕ್ಕೊಮ್ಮೆ ಜಮಖಾನದ ಮಡಿಕೆಗಳ ನಡುವೆ ನಾನೇ ಇಡುವ ಎಲೆ. ಒಣಗಿ ಪುಡಿಯಾಗಿತ್ತು, ವಾಸನೆ ಮಾತ್ರ ಬಿಟ್ಟಿರಲಿಲ್ಲ. ಪಕ್ಕದ ಮನೆಯ ಪದ್ಮ ನಿನ್ನೆ ಬಂದು ಕೇಳಿರದಿದ್ದರೆ ಇವತ್ತು ಈ ಟ್ರಂಕನ್ನು ತೆಗೆಯುವ ಕೆಲಸವೇ ನನಗಿರಲಿಲ್ಲ. ಪದ್ಮ ಅಂಚೆ ಕಚೇರಿಯ ಗುಮಾಸ್ತರ ಹೆಂಡತಿ. ಚಿಂತಾಮಣಿಗೆ ಬಂದು ಇನ್ನೂ ಮೂರು ತಿಂಗಳು. ಈ ಶನಿವಾರ, ಭಾನುವಾರ ಶಾಲೆಯ ಮೈದಾನದಲ್ಲಿ ಚಪ್ಪರ ಹಾಕಿ ಸಂಗೀತ ಇಟ್ಟುಕೊಂಡಿದ್ದಾರೆ, ಹಾಸಿಕೊಳ್ಳಲು ಒಂದು ಜಮಖಾನ ಬೇಕು ಎಂದಳು.

"ನೀವೂ ಬರ್ಬೇಕು ಮೇಡಂ. ನಾನು ಬೇಗ ಹೋಗಿ ಮುಂದೇನೇ ಜಾಗ ಹಿಡ್ಕೊಂಡಿರ್ತೀನಿ."

"ನೋಡಣಮ್ಮ" ಎಂದೆ. ಮುಂದೆ ಜಾಗ ಹಿಡಿಯುವುದರಲ್ಲಿ ನನ್ನಷ್ಟು ಅನುಭವಸ್ಥರು ಈ ಊರಿನಲ್ಲಿ ಇನ್ನೊಬ್ಬರಿರಲಾರರು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು!

ಜಾಗ ಹಿಡಿಯುವುದೂ ಒಂದು ವಿದ್ಯೆಯೇ. ಟವೆಲು ಹಾಸಿ ಹೋದರೆ ಯಾರಾದರೂ ಕಾಲಿನಿಂದ ಸರಿಸಿಬಿಡುತ್ತಾರೆ. ಕೊಡೆ ಇಟ್ಟು ಹೋದರೆ ಕೊಡೆಯೇ ಹೋಗಬಹುದು. ಅಗಲವಾದ ಜಮಖಾನ ಹಾಸಿ, ಅದರ ಒಂದು ಅಂಚಿನಲ್ಲಿ ಕೂತು, ಇನ್ನೊಂದು ಅಂಚಿನಲ್ಲಿ ತಿಂಡಿಯ ಡಬ್ಬಿ ಇಟ್ಟು, ಬಂದವರಿಗೆಲ್ಲ "ಬರ್ತಾರೆ, ಇನ್ನಿಬ್ಬರು ಬರ್ತಾರೆ" ಎನ್ನುತ್ತಿರಬೇಕು. ಆಗ ಮಾತ್ರ ಜಾಗ ಉಳಿಯುತ್ತದೆ. ನನ್ನ ಅಮ್ಮ ಕೊಟ್ಟ ಈ ನೀಲಿ, ಕೆಂಪು ಪಟ್ಟೆಯ ಜಮಖಾನ ಮೂರು ಜನ ಕಾಲು ಮಡಿಸಿ ಕೂರುವುದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಇದರ ಮೇಲೆ ನಾನು ಎರಡು ದಿನ ಹೀಗೆಯೇ ಕೂತು ಜಾಗ ಉಳಿಸಿಕೊಂಡೆ. ಆ ಎರಡೇ ದಿನದಲ್ಲಿ ಇಬ್ಬರು ಗೆಳತಿಯರನ್ನು ಕಳೆದುಕೊಂಡೆ. ಜಗಳವೇನೂ ಆಗಲಿಲ್ಲ. ಆಗಿದ್ದರೆ ಒಳ್ಳೆಯದಿತ್ತು.

ಹದಿನೈದು ವರ್ಷದ ಹಿಂದಿನ ಮಾತು. ಶಿಡ್ಲಘಟ್ಟದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಹೊಸ ಉಪಾಧ್ಯಾಯಿನಿ. ಗೌರಿಬಿದನೂರಿನ ಕಡೆಯವಳು, ಆ ಊರಿನಲ್ಲಿ ನನ್ನವರೆಂದು ಯಾರೂ ಇರಲಿಲ್ಲ. ಅಂಥ ನನಗೆ ರತ್ನ, ಖುರ್ಷಿದ್ ಸಿಕ್ಕಿದರು. ರತ್ನ ನನ್ನ ಪಕ್ಕದ ತರಗತಿಯವಳು. ಊರಂಚಿನಲ್ಲಿ ತೋಟದ ಮನೆ, ಮನೆ ತುಂಬ ರೇಷ್ಮೆ ಹುಳ, ಬಾಯಿ ತುಂಬ ಅರ್ಧ ತೆಲುಗು. ಖುರ್ಷಿದ್ ಅದೇ ಕಾಂಪೌಂಡಿನ ಉರ್ದು ಶಾಲೆಯವಳು. ಅವಳ ಅಣ್ಣ ಮನೆಯಲ್ಲೇ ಗೂಡು ಬೇಯಿಸಿ ನೂಲು ತೆಗೆಸುತ್ತಿದ್ದ. ಮಧ್ಯಾಹ್ನ ಬಾವಿಯ ಪಕ್ಕದ ಹೊಂಗೆಮರದ ಕೆಳಗೆ ಮೂವರೂ ಡಬ್ಬಿ ಬಿಚ್ಚುತ್ತಿದ್ದೆವು. "ಬೇಕಾ?" ಎಂದು ಕೇಳುವ ಪದ್ಧತಿಯೇ ಅಲ್ಲಿರಲಿಲ್ಲ. ರತ್ನ ನೇರವಾಗಿ ನನ್ನ ಡಬ್ಬಿಗೆ ಕೈ ಹಾಕಿ, "ಒಸೇ, ಇದೇನೇ ಉಪ್ಪೇ ಇಲ್ಲ" ಎಂದು ಬೈದುಕೊಂಡೇ ಮುಗಿಸುತ್ತಿದ್ದಳು.

ಇಲ್ಲಿ ನನ್ನ ಮನೆತನದ ಒಂದು ರೋಗದ ವಿಷಯ ಹೇಳಬೇಕು. ಅದರ ಹೆಸರು ಉಪಚಾರ. ನಮ್ಮ ಮನೆಗೆ ಬಂದವರು ಕಾಫಿ ಬೇಡ ಎಂದರೆ ಬೇಕು ಎಂದೇ ಅರ್ಥ. ಒಂದೇ ಸಲಕ್ಕೆ "ಕೊಡಿ" ಎಂದವರನ್ನು ಕುರಿತು ಅಮ್ಮ ಆಮೇಲೆ ವಾರವೆಲ್ಲ ಮಾತಾಡುತ್ತಿದ್ದಳು. ನಾವು ಹೋದ ಕಡೆಯೂ ಅಷ್ಟೆ. ಚಾಪೆ ಹಾಸಿದರೆ ನೆಲದ ಮೇಲೆ ಕೂರಬೇಕು, ಅವರು ರಟ್ಟೆ ಹಿಡಿದು ಎಬ್ಬಿಸಿದ ಮೇಲೆ ಚಾಪೆಗೆ ಹೋಗಬೇಕು. ಬೇಡ ಅನ್ನುವುದು ಮರ್ಯಾದೆ, ಬಲವಂತ ಮಾಡುವುದು ಪ್ರೀತಿ ಎಂದು ಕಲಿತು ಬೆಳೆದವಳು ನಾನು.

ಚಿಕ್ಕಬಳ್ಳಾಪುರದಲ್ಲಿ ಎರಡು ದಿನ ಬಯಲು ಚಪ್ಪರದ ಸಂಗೀತ ಎಂಬ ಸುದ್ದಿ ಬಂದಾಗ ಕುಣಿದಾಡಿದವಳು ಖುರ್ಷಿದ್. ಅವಳಿಗೆ ಪಿಟೀಲು ಎಂದರೆ ಪ್ರಾಣ. ಎದುರುಮನೆಯ ರೇಡಿಯೋದಲ್ಲಿ ಕೇಳಿ ಕೇಳಿ ಬಂದ ಹುಚ್ಚು. ಅವಳ ಅಣ್ಣನನ್ನು ಒಪ್ಪಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ಶನಿವಾರ ನಾನು ರಜ ಹಾಕಿ ಬೆಳಗಿನ ರೈಲಿಗೆ ಹೋಗಿ ಜಾಗ ಹಿಡಿಯುವುದು, ಅವರಿಬ್ಬರೂ ಶಾಲೆ ಬಿಟ್ಟ ಮೇಲೆ ಖುರ್ಷಿದಳ ಅಣ್ಣನ ಜೊತೆ ಬಸ್ಸಿಗೆ ಬರುವುದು ಎಂದು ನಿಶ್ಚಯವಾಯಿತು. ರಾತ್ರಿಗೆ ನನಗೆ ಅಲ್ಲಿಯೇ ಚಿಕ್ಕಮ್ಮನ ಮನೆ ಇತ್ತು. ಅವರು ವಾಪಸು ಹೋಗಿ ಭಾನುವಾರ ಬೆಳಗಿನ ಕಚೇರಿಗೆ ಮತ್ತೆ ಬರುವವರು.

ಶುಕ್ರವಾರ ಮಧ್ಯಾಹ್ನ ಡಬ್ಬಿ ಮುಚ್ಚುತ್ತಾ ಖುರ್ಷಿದ್ ಹೇಳಿದಳು: "ಹಿಂದೆ ಎಲ್ಲಾದ್ರೂ ಕೂತ್ಕೊಳ್ಳಣ ಕಣೇ. ಮುಂದೆ ಬೇಡ."

"ನೀನು ಸುಮ್ನಿರು. ಪಿಟೀಲಿನ ಕಮಾನು ಹೋಗಿಬರೋದು ನಿನ್ನ ಕಣ್ಣಿಗೆ ಕಾಣ್ಬೇಕು. ಹಾಗೆ ಕೂರಿಸ್ತೀನಿ" ಎಂದೆ.

"ಇಲ್ಲ ಕಣೇ, ಹಿಂದೇನೇ ಸಾಕು."

ನಾನು ನಕ್ಕೆ. ಎರಡು ಸಲ ಬೇಡ ಎಂದಳಲ್ಲ, ಎಷ್ಟು ಮರ್ಯಾದೆಯ ಹುಡುಗಿ ಎಂದುಕೊಂಡೆ.

ಶನಿವಾರ ಚಪ್ಪರದ ಗಳು ನೆಡುವವರು ಇನ್ನೂ ಹಗ್ಗ ಬಿಗಿಯುತ್ತಿರುವಾಗಲೇ ನಾನು ಅಲ್ಲಿದ್ದೆ. ಹೆಂಗಸರ ಕಡೆ ಮೊದಲನೆಯ ಸಾಲಿನಲ್ಲಿ, ವೇದಿಕೆಗೆ ನಾಲ್ಕು ಮೊಳ ದೂರದಲ್ಲಿ ಜಮಖಾನ ಹಾಸಿದೆ. ನಾಲ್ಕು ಗಂಟೆಗೆ ಶ್ರುತಿ ಹಿಡಿಯುವ ಹೊತ್ತಿಗೆ ಮೈದಾನ ತುಂಬಿತ್ತು. ಅಮಲ್ದಾರರ ಮನೆಯಾಕೆ ಪಕ್ಕದಲ್ಲಿ ಕೂತು, "ಎಂಥಾ ಜಾಗ ಹಿಡಿದಿದೀರ್ರೀ!" ಎಂದರು. ಆ ಮಾತಿಗೆ ನಾನು ಎಷ್ಟು ಉಬ್ಬಿಹೋದೆನೆಂದು ಈಗ ನೆನೆದರೆ ನಾಚಿಕೆಯಾಗುತ್ತದೆ.

ತಿರುಗಿ ನೋಡಿದೆ. ಮೈದಾನದ ಕೊನೆಯಲ್ಲಿ ಒಂದು ಹುಣಸೆಮರ, ಅದರ ಕೊಂಬೆಗೆ ಮೈಕಿನ ಹಾರ್ನು ಕಟ್ಟಿದ್ದರು. ಅದರ ಕೆಳಗೆ ಕಪ್ಪು ಬುರ್ಖಾ, ಪಕ್ಕದಲ್ಲಿ ರತ್ನಳ ಹಸಿರು ಸೀರೆ. ಕೈ ಬೀಸಿ ಕರೆದೆ. ರತ್ನಳೂ ಕೈ ಬೀಸಿದಳು, ನೀನೇ ಬಾ ಎಂಬಂತೆ. ನಾನು ಖಾಲಿ ಜಮಖಾನವನ್ನು ತಟ್ಟಿ ತೋರಿಸಿದೆ. ಅವಳು ನೆಲವನ್ನು ತೋರಿಸಿದಳು. ಉಪಚಾರ ಮಾಡ್ತಾರೆ, ಇನ್ನೊಂದು ಸಲ ಕರೆದರೆ ಬರುತ್ತಾರೆ ಎಂದುಕೊಂಡು ಇನ್ನೊಂದು ಸಲ ಕರೆದೆ. ಆಮೇಲೆ ಇನ್ನೂ ಒಂದು ಸಲ. ಹಿಂದಿನ ಸಾಲಿನ ಅಜ್ಜಿ, "ಏನಮ್ಮಾ, ಹಾಡು ಕೇಳಕ್ಕೆ ಬಂದಿದೀಯೋ, ಕೋಳಿ ಓಡ್ಸಕ್ಕೋ?" ಎಂದಳು.

ಎದ್ದು ಹೋಗಬಹುದಾಗಿತ್ತು. ಎದ್ದರೆ ಜಾಗ ಹೋಗುತ್ತಿತ್ತು. ಅವರಿಗಾಗಿಯೇ ಹಿಡಿದ ಜಾಗವನ್ನು ಬಿಟ್ಟು ಅವರ ಬಳಿಗೆ ಹೋಗುವುದೆಂದರೇನು ಎಂಬ ಹಟ ನನ್ನದು. ಪಿಟೀಲಿನವರ ಕಮಾನು ಕೈಗೆಟಕುವಷ್ಟು ಹತ್ತಿರದಲ್ಲಿ ಹೋಗಿಬರುತ್ತಿತ್ತು. ಏನು ನುಡಿಸಿದರೆಂದು ಇವತ್ತಿಗೂ ಹೇಳಲಾರೆ. ಎಡಕ್ಕೆ ಎರಡು ಜನದಷ್ಟು ಖಾಲಿ ಪಟ್ಟೆಗಳು, ಬಲಕ್ಕೆ ಅಮಲ್ದಾರರ ಮನೆಯಾಕೆಯ ತಲೆದೂಗಾಟ. ಮಂಗಳ ಮುಗಿದು, ಜಮಖಾನ ಕೊಡವಿ ಮಡಿಸಿ, ಜನದಲ್ಲಿ ನುಸುಳಿ ಮರದ ಬಳಿಗೆ ಬರುವಷ್ಟರಲ್ಲಿ ಅವರು ಕೊನೆಯ ಬಸ್ಸಿಗೆ ಹೊರಟುಹೋಗಿದ್ದರು.

ಆ ರಾತ್ರಿ ಚಿಕ್ಕಮ್ಮನ ಮನೆಯಲ್ಲಿ ನನಗೆ ಬುದ್ಧಿ ಬಂತು. ಭಾನುವಾರ ಬೆಳಿಗ್ಗೆ ಎದ್ದು ಪುಳಿಯೋಗರೆ ಕಲಸಿದೆ, ಮೂವರ ಪಾಲು. ಮೈದಾನಕ್ಕೆ ಹೋಗಿ ಮುಂದಿನ ಸಾಲಿನ ಕಡೆ ತಿರುಗಿಯೂ ನೋಡದೆ ಹುಣಸೆಮರದ ಕೆಳಗೆ ಜಮಖಾನ ಹಾಸಿ ಕೂತೆ. ಸ್ವಯಂಸೇವಕರೊಬ್ಬರು ಬಂದು, "ಅಮ್ಮಾ, ಮುಂದೆ ಜಾಗ ಖಾಲಿ ಇದೆ, ಬನ್ನಿ" ಎಂದರು.

"ಬೇಡಪ್ಪಾ. ಇನ್ನಿಬ್ಬರು ಬರ್ತಾರೆ."

ಹತ್ತು ಗಂಟೆಯ ಬಸ್ಸು ಬಂತು. ಹನ್ನೆರಡರದು ಬಂತು. ತಲೆಯ ಮೇಲಿನ ಹಾರ್ನು ಹಾಡಿತು, ಗೊಗ್ಗರಿಸಿತು, ಮತ್ತೆ ಹಾಡಿತು. ಮಗು ಎತ್ತಿಕೊಂಡವರೊಬ್ಬರು ಜಮಖಾನದ ಮೂಲೆಯಲ್ಲಿ ಕೂರಲು ಬಂದರೆ ಅವರಿಗೂ ಅದೇ ಮಾತು ಹೇಳಿ ಕಳಿಸಿದೆ. ಬಿಸಿಲು ನಂದಿಬೆಟ್ಟದ ಕಡೆಗೆ ಇಳಿಯಿತು. ಹುಣಸೆಯ ಸಣ್ಣ ಎಲೆಗಳು ಉದುರಿ ಉದುರಿ ಅವರಿಬ್ಬರ ಜಾಗದಲ್ಲಿ ಕೂತವು. ಮೂವರ ಪುಳಿಯೋಗರೆಯನ್ನು ಹಾಗೆಯೇ ಚಿಕ್ಕಮ್ಮನ ಮನೆಗೆ ವಾಪಸು ಒಯ್ದೆ.

ಸೋಮವಾರ ಶಾಲೆಗೆ ಹೋದರೆ ಬಾವಿಯ ಪಕ್ಕ ಇಬ್ಬರೂ ನಗುತ್ತಾ ನಿಂತಿದ್ದಾರೆ. ಇಬ್ಬರ ಕಣ್ಣೂ ನಿದ್ದೆಯಿಲ್ಲದೆ ಕೆಂಪಾಗಿದ್ದವು. ಭಾನುವಾರ ಬೆಳಿಗ್ಗೆ ರತ್ನಳ ಮನೆಯಲ್ಲಿ ಹುಳ ಒಂದು ದಿನ ಮೊದಲೇ ಹಣ್ಣಾಗಿಬಿಟ್ಟಿತ್ತಂತೆ. ಹಣ್ಣಾದ ಹುಳ ಕಾಯುವುದಿಲ್ಲ. ಕೂಡಲೇ ಆರಿಸಿ, ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ಮೇಲೆ ಬಿಡಬೇಕು. ಆಗ ಮನೆಯವರು ಓಡಿಹೋಗಿ ಕರೆಯುವುದು ತೀರ ಬೇಕಾದವರನ್ನು. ರತ್ನ ಖುರ್ಷಿದಳನ್ನು ಕರೆದಿದ್ದಳು. ಒಂದು ಹುಳ ಬುರ್ಖಾದ ತೋಳಿನಲ್ಲಿ ಸೇರಿಕೊಂಡು ಬೆಳಗಿನ ಹೊತ್ತಿಗೆ ಅಲ್ಲೇ ಗೂಡು ಕಟ್ಟಲು ಶುರುಮಾಡಿತ್ತೆಂದು ಇಬ್ಬರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ.

"ಸಂಗೀತ ಚೆನ್ನಾಗಿತ್ತಾ? ಮುಂದೇನೇ ಕೂತಿದ್ರಾ?" ಎಂದು ರತ್ನ ಕೇಳಿದಳು. ಯಾವತ್ತೂ ನನ್ನನ್ನು ಬಹುವಚನದಲ್ಲಿ ಕರೆದವಳಲ್ಲ.

"ಚೆನ್ನಾಗಿತ್ತು" ಎಂದೆ. ಅಷ್ಟೇ ಹೇಳಿದೆ.

ಅಂದು ಮಧ್ಯಾಹ್ನ ರತ್ನ ತನ್ನ ಡಬ್ಬಿಯನ್ನು ನನ್ನ ಕಡೆ ಚಾಚಿ, "ಸ್ವಲ್ಪ ತೊಗೊಳ್ಳಿ" ಎಂದಳು. "ಬೇಡ, ಬೇಡ" ಎಂದೆ. ಡಬ್ಬಿ ಹಿಂದಕ್ಕೆ ಹೋಯಿತು.

ಮುಂದಿನ ವರ್ಷ ಖುರ್ಷಿದ್ ಮದುವೆಯಾಗಿ ಅಲೀಪುರಕ್ಕೆ ಹೋದಳು. ನನಗೂ ವರ್ಗವಾಯಿತು. ಬಹಳ ಕಾಲದ ಮೇಲೆ ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ರತ್ನ ಸಿಕ್ಕಳು, ಕಂಕುಳಲ್ಲಿ ಮಗು, ಕೈಯಲ್ಲಿ ಗಂಟು. ಅದೂ ಇದೂ ಮಾತಾಡಿ ಅವಳೇ ತೆಗೆದಳು:

"ಅವತ್ತು ನೀನು ಮರದ ಹತ್ರ ಬರ್ತೀಯ ಅಂತ ಎಷ್ಟು ಕಾದ್ವಿ ಗೊತ್ತಾ? ಅವಳಣ್ಣ ಒಪ್ಪಿದ್ದೇ ಆ ಮಾತಿನ ಮೇಲೆ. ತನ್ನ ಕಣ್ಣಿಗೆ ಕಾಣೋ ಹಂಗೆ ಹಿಂದೇನೇ ಇರ್ಬೇಕು, ಮುಂದೆ ಹೋದ್ರೆ ನಾಳೆ ಬಿಡಲ್ಲ ಅಂದಿದ್ದ. ಅವಳು ನಿಂಗೆ ಹೇಳಿದ್ಳಲ್ಲೇ, ಹಿಂದೆ ಕೂತ್ಕೊಳ್ಳಣ ಅಂತ. ನೀನು ಮುಂದೇನೇ ಕೂತೆ. ದೊಡ್ಡೋರ ಪಕ್ಕ ಕೂತೋಳು ಹುಳ ಆರಿಸಕ್ಕೆ ಬರ್ತಾಳಾ ಅಂತ ನಿನ್ನ ಚಿಕ್ಕಮ್ಮನ ಮನೆಗೆ ಹೇಳಿ ಕಳಿಸ್ಲಿಲ್ಲ."

ಭಾನುವಾರ ನಾನು ಮರದ ಕೆಳಗೇ ಇದ್ದೆ ಕಣೇ ಎಂದು ಹೇಳಲು ಬಾಯಿ ತೆರೆದೆ. ಅವಳ ಬಸ್ಸು ಬಂತು. ಕಿಟಕಿಯಿಂದ ಮಗುವಿನ ಕೈ ಹಿಡಿದು ಆಡಿಸಿದಳು. ನಾನೂ ಕೈ ಬೀಸಿದೆ. ಅವರಿಬ್ಬರಿಗೂ ಆ ಭಾನುವಾರದ ಸಂಗತಿ ಇಂದಿಗೂ ಗೊತ್ತಿಲ್ಲ. ಮೊದಲು ಕೇಳುತ್ತಿರುವವರು ನೀವೇ.

ಜಮಖಾನವನ್ನು ಕೊಡವಿ ನಡುಮನೆಯಲ್ಲಿ ಹಾಸಿದೆ. ಗೋಡೆಯಿಂದ ಗೋಡೆಗೆ ತುಂಬಿಕೊಂಡಿತು. ಬೇವಿನ ಪುಡಿ ಗುಡಿಸುತ್ತಾ ಅದರ ಮೇಲೆ ಕೂತಿದ್ದೇನೆ. ಎಲ್ಲಿ ಕೂತಿದ್ದೇನೆಂದು ಗಮನಿಸಿದ್ದು ಪದ್ಮ ಒಳಗೆ ಬಂದಾಗ. ಅಂಚಿನಲ್ಲಿ.

"ಹಿಂಗ್ಯಾಕೆ ಮೂಲೇಲಿ ಕೂತಿದೀರಿ ಮೇಡಂ?" ಎನ್ನುತ್ತಾ ಅವಳು ಖಾಲಿ ಜಾಗದಲ್ಲಿ ಆರಾಮವಾಗಿ ಕೂತಳು. "ನಾಳೆ ಮೂರಕ್ಕೇ ಹೋಗ್ತೀನಿ. ನಿಮಗೆ ಮೊದಲನೇ ಸಾಲು ಗ್ಯಾರಂಟಿ."

"ಮುಂದೆ ಬೇಡ ಪದ್ಮ."

"ಅಯ್ಯೋ, ನನ್ಹತ್ರ ಉಪಚಾರ ಮಾಡ್ತೀರಾ?"

ಎರಡು ಸಲ ಬೇಡ ಎಂದ ಖುರ್ಷಿದಳಿಗೆ ಹೇಗಾಗಿರಬೇಕೆಂದು ಆಗ ನನಗೆ ತಿಳಿಯಿತು. "ಉಪಚಾರ ಅಲ್ಲಮ್ಮ. ನಿಜವಾಗ್ಲೂ ಬೇಡ" ಎಂದೆ. ದನಿ ಸ್ವಲ್ಪ ಜೋರಾಯಿತೋ ಏನೋ. ಪದ್ಮ ನನ್ನ ಮುಖವನ್ನೇ ನೋಡಿದಳು. ಆಮೇಲೆ ತೀರ ಸುಲಭವಾಗಿ, ಉಪ್ಪು ಎಷ್ಟು ಹಾಕಲಿ ಎಂದು ಕೇಳುವ ಹಾಗೆ ಕೇಳಿದಳು:

"ಹಂಗಾದ್ರೆ ಎಲ್ಲಿ ಕೂತ್ಕೊಳ್ಳಣ, ನೀವೇ ಹೇಳಿ."

ನಾನು ಹದಿನೈದು ವರ್ಷದ ಹಿಂದೆ, ಒಂದು ಶುಕ್ರವಾರ ಮಧ್ಯಾಹ್ನ, ಹೊಂಗೆಮರದ ಕೆಳಗೆ ಕೇಳಬೇಕಾಗಿದ್ದ ಮಾತು.