ಹೇಳಿ ಹೋಗಬಾರದ ಮನೆ

ಬಟವಾಡಿಯ ನಮ್ಮ ಬಾಡಿಗೆ ಮನೆಯ ಮುಂದಿನ ರೂಮಿನಲ್ಲಿ ನನ್ನ ಹೆಂಡತಿ ಭಾನುವಾರ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಬರುತ್ತಿದ್ದವರು ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು. ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿದ ನಾನು ಅಡುಗೆಮನೆಯಲ್ಲಿ ಟೀ ಕಾಯಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ.

ಅವರಿಗೆ ಕಷ್ಟವಾಗಿದ್ದು ಕಮ್ ಮತ್ತು ಗೋ. ಮಾತಾಡುವವರು ಇರುವ ಕಡೆಗೋ ಕೇಳುವವರು ಇರುವ ಕಡೆಗೋ ಆದರೆ ಕಮ್, ಅಲ್ಲಿಂದ ಬೇರೆ ಕಡೆಗಾದರೆ ಗೋ. ನಿನ್ನೆಯ ಮಾತಾದರೆ ಕೇಮ್, ವೆಂಟ್. ಇಷ್ಟನ್ನೂ ತಪ್ಪಿಲ್ಲದೆ ಒಪ್ಪಿಸಿದವರು ಚಪ್ಪಲಿ ಹಾಕಿಕೊಳ್ಳುವಾಗ ಮಾತ್ರ "ಮಿಸ್, ಐ ಆಮ್ ಕಮಿಂಗ್" ಅಂತಲೇ ಹೊರಡುತ್ತಿದ್ದರು.

"ಗೋಯಿಂಗ್ ಅನ್ರೇ."

"ಹೋಗ್ತೀನಿ ಅಂತ ಹೆಂಗ್ ಮಿಸ್ ಅನ್ನೋದು? ನಮ್ಮಮ್ಮ ಕೇಳಿಸ್ಕೊಂಡ್ರೆ ಬಾಯಿಗೇ ಹೊಡೀತಾಳೆ."

"ಸರಿ, ಫ್ಯಾಕ್ಟರೀಲೂ ಕಮಿಂಗ್ ಅಂದ್ಬಿಟ್ಟು ಮನೆಗೆ ಬಂದ್ಬಿಡು. ನಿನ್ ಸೂಪರ್‌ವೈಸರ್ ಬೆಳಗಾನ ಕಾಯ್ತಾ ಕೂತಿರ್ಲಿ."

ಹೋದ ಚಳಿಗಾಲ ನನ್ನ ಹೆಂಡತಿ ತೀರಿಕೊಂಡಳು. ಗುಬ್ಬಿ ಹತ್ತಿರದ ನಮ್ಮೂರಿನಲ್ಲೇ ಮಣ್ಣು ಮಾಡಿದೆವು. ನಮ್ಮ ಕಡೆ ಸಾವಿನ ಮನೆಯಿಂದ ಹೊರಡುವವರು ಬರ್ತೀನಿ ಅನ್ನಬಾರದು, ಸುಮ್ಮನೆ ಎದ್ದು ಹೋಗಬೇಕು. ನಾನೂ ಎಷ್ಟೋ ಮನೆಗಳಿಂದ ಹಾಗೆ ಎದ್ದು ಬಂದಿದ್ದೇನೆ. ಕೂತಿರುವವನಿಗೆ ಅದು ಹೇಗಿರುತ್ತದೆ ಅಂತ ಗೊತ್ತಿರಲಿಲ್ಲ. ಕುಣಿಗಲ್‌ನಿಂದ ಬಂದಿದ್ದ ಅವಳ ಅಕ್ಕ ಪಕ್ಕದಲ್ಲೇ ಕೂತಿದ್ದರು. ಕಣ್ಣೊರೆಸಿಕೊಂಡು ತಿರುಗಿದರೆ ಕುರ್ಚಿ ಖಾಲಿ.

ಕಾರ್ಯವೆಲ್ಲ ಮುಗಿದು ನಾನು ಬಟವಾಡಿಗೆ ವಾಪಸಾದ ಮೇಲೆ ಒಂದು ಭಾನುವಾರ ಆ ಹುಡುಗಿಯರು ಬಂದರು. ಅವರು ಮೊದಲಿನ ಹಾಗೆ ಬಂದು ತಾವೇ ಓದಿಕೊಳ್ಳಲಿ, ವಾರಕ್ಕೊಮ್ಮೆಯಾದರೂ ಮನೆಯಲ್ಲಿ ಮಾತು ಕೇಳಿಸಲಿ ಅಂತ ನನಗೆ ಆಸೆ. ಟೀ ಕೊಟ್ಟು ಕೇಳೋಣ ಅಂತ ಒಳಗೆ ಹೋದೆ. ಲೋಟಗಳನ್ನು ಹಿಡಿದು ಬಂದಾಗ ರೂಮಿನಲ್ಲಿ ಯಾರೂ ಇರಲಿಲ್ಲ.

ಹೆಂಡತಿಯ ಫೋನಿನಿಂದಲೇ ಅವರಲ್ಲೊಬ್ಬಳಿಗೆ ಮಾಡಿದೆ. ಫೋನ್ ಎತ್ತಿದವಳು "ಮಿಸ್?" ಅಂದಳು.

"ನಾನು ಕಣಮ್ಮ. ಟೀ ಮಾಡಿದ್ದೆ."

"ಹೇಳಿ ಬರಬಾರ್ದಲ್ವಾ ಅಂಕಲ್, ಅದ್ಕೇ."

"ಗೊತ್ತಮ್ಮ. ಭಾನುವಾರ ರೂಮು ಖಾಲಿನೇ ಇರುತ್ತೆ. ನೀವು ಬಂದು ಓದ್ಕೋಬಹುದು."

ಅವಳ ಹಿಂದೆ ಬಸ್ಸಿನ ಹಾರನ್ ಕೇಳಿಸಿತು.

"ಮಿಸ್ ಇಲ್ದೆ ಅಲ್ಲಿ ಕೂರಕ್ಕಾಗಲ್ಲ ಅಂಕಲ್. ಇವತ್ತೇ ಆಗ್ಲಿಲ್ಲ."

"ಆಯ್ತಮ್ಮ. ಬಸ್ ಹತ್ತಿ."

ಲೋಟಗಳ ಟೀಯನ್ನು ಮತ್ತೆ ಪಾತ್ರೆಗೆ ಸುರಿದೆ. ಸಂಜೆವರೆಗೂ ಅದನ್ನೇ ಬಿಸಿ ಮಾಡಿಕೊಂಡು ಕುಡಿದೆ.