ಚಟ್ನಿ ಡಬ್ಬಿಯಲ್ಲಿ ಕಣಿವೆಯ ಧೂಳು

ಗಂಡನ ಹೆಸರು ಹೇಳು ಎಂದರೆ ನಮ್ಮ ಕಡೆ ಹೆಂಗಸರು ಒಡಪು ಕಟ್ಟಿ ಪದ್ಯದಲ್ಲಿ ಸುತ್ತಿ ಹೇಳುತ್ತಾರೆ. ನನಗೆ ಅಷ್ಟು ಪುರುಸೊತ್ತಿಲ್ಲ. ನಮ್ಮವರ ಹೆಸರು ಉಳವಪ್ಪ. ಮುಧೋಳ ತಾಲ್ಲೂಕಿನವರು, ಸಿಟ್ಟು ಬಾರದ ಮನುಷ್ಯ. ಅವರ ಪಾಲಿನ ಸಿಟ್ಟನ್ನೂ ನಾನೇ ಇಟ್ಟುಕೊಂಡಿದ್ದೇನೆ, ಆದ್ದರಿಂದ ಈ ಕಥೆಯನ್ನು ನಾನೇ ಹೇಳುವುದು ಸರಿ.

ಎರಡು ಸಾವಿರದ ಒಂದರಲ್ಲಿ, ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ವೋಲ್ಫ್ಸ್‌ಬುರ್ಗ್‌ಗೆ ಬಂದೆವು. ಕೆಲಸ ಊರಂಚಿನ ಒಂದು ಸಣ್ಣ ಕಂಪನಿಯಲ್ಲಿ. ಬೇರೆಯವರ ಕಾರುಗಳನ್ನು ಪರೀಕ್ಷಿಸಿ ವರದಿ ಕೊಡುವುದು ಅದರ ಕಸುಬು. ಎಂಜಿನ್ ಕಾದಾಗ ರೇಡಿಯೇಟರಿನ ಫ್ಯಾನ್ ಯಾವಾಗ ತಿರುಗಬೇಕು, ಎಷ್ಟು ಜೋರಾಗಿ ತಿರುಗಬೇಕು ಎಂದು ಹೇಳುವ ಸಾಫ್ಟ್‌ವೇರನ್ನು ನಮ್ಮವರು ಬರೆಯುತ್ತಿದ್ದರು.

ಆ ವರ್ಷದ ಕೊನೆಗೆ ಮಹೇಶಕುಮಾರ ಬಂದ. ಹುಬ್ಬಳ್ಳಿಯವನು. ನಮ್ಮ ಕಡೆಯ ಹುಡುಗ ಎಂದು ಬಾಸ್ ಕ್ರೂಗರ್‌ಗೆ ಹೇಳಿ ಕರೆಸಿದವರು ನಮ್ಮವರೇ. ವೋನುಂಗ್, ಅಂದರೆ ಬಾಡಿಗೆ ಮನೆ, ಸಿಗುವ ತನಕ ಮೂರು ತಿಂಗಳು ನಮ್ಮ ಮನೆಯಲ್ಲಿ ಉಂಡ. "ವೈನೀ, ಈ ಶೇಂಗಾ ಚಟ್ನಿ ಸಲುವಾಗಿನ ನಾ ಜರ್ಮನಿಗೆ ಬಂದೀನಿ ನೋಡ್ರಿ" ಎನ್ನುತ್ತಿದ್ದ. ನಾನು ನಂಬಿ ಇನ್ನೊಂದು ಚಮಚ ಹಾಕುತ್ತಿದ್ದೆ. ಆ ಚಮಚಗಳನ್ನೆಲ್ಲ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮರುವರ್ಷದ ಜುಲೈನಲ್ಲಿ ಒಂದು ಹೊಸ ಕಾರನ್ನು ಬಿಸಿಲಿಗೆ ಒಡ್ಡಿ ನೋಡಲು ಅಮೆರಿಕದ ಡೆತ್ ವ್ಯಾಲಿಗೆ ಕಳಿಸಿದರು. ಜೊತೆಗೆ ಹೋದವನು ಮಹೇಶ ಒಬ್ಬನೇ. ಕಣಿವೆಯ ತಳದ ಉಪ್ಪಿನ ಬಯಲಿನಲ್ಲಿ ಕಾರನ್ನು ಎರಡು ತಾಸು ನಿಲ್ಲಿಸಿ, ಆಮೇಲೆ ಘಾಟಿ ಹತ್ತಿಸಬೇಕು. ಹೀಗೆ ಮೂರು ದಿನ. ತಿರುಗಿ ಬಂದವನು ಬರೆದುಕೊಟ್ಟ ವರದಿಯಲ್ಲಿ ಒಂದು ಸಾಲಿತ್ತು: ತಳದ ಬಯಲಿನಲ್ಲಿ ಫ್ಯಾನ್ ತಡವಾಗಿ ತಿರುಗಿ ಎಂಜಿನ್ ಕುದಿಯಿತು, ಕಾರಣ ಸಾಫ್ಟ್‌ವೇರಿನ ತಪ್ಪು. ಪಕ್ಕದಲ್ಲಿ ನಮ್ಮವರ ಹೆಸರು.

ಆ ಒಂದು ಸಾಲಿಗೆ ನಮ್ಮವರ ಕೈಗೆ ಕ್ಯೂಂಡಿಗುಂಗ್ ಬಂತು, ಅಂದರೆ ಕೆಲಸದಿಂದ ತೆಗೆದ ಕಾಗದ. ಮೂರು ತಿಂಗಳ ಗಡುವು. ಅಷ್ಟರಲ್ಲಿ ಬೇರೆ ಕೆಲಸ ಸಿಗದಿದ್ದರೆ ವಿದೇಶಿಯರ ಕಚೇರಿಯಾದ ಔಸ್ಲೆಂಡರ್‌ಆಮ್ಟ್‌ನವರು ದೇಶ ಬಿಡಿ ಎನ್ನುತ್ತಾರೆ. ಮಗಳು ಪವಿ ಆಗಷ್ಟೇ ಕಿಂಡರ್‌ಗಾರ್ಟನ್‌ನಲ್ಲಿ ಅಳು ನಿಲ್ಲಿಸಿದ್ದಳು. ನಮ್ಮವರಿಗೆ ಬರಲಿದ್ದ ತಂಡದ ಮುಖ್ಯಸ್ಥನ ಕುರ್ಚಿ ಮಹೇಶನಿಗೆ ಹೋಯಿತು.

ನಾನು ಮಹೇಶನ ಹೆಂಡತಿ ಲಾವಣ್ಯಾಳಿಗೆ ಫೋನ್ ಮಾಡಿದೆ. ಮೈಸೂರಿನ ಹುಡುಗಿ, ನನ್ನನ್ನು ಅಕ್ಕ ಎನ್ನುತ್ತಿದ್ದವಳು. ನಿನ್ನ ಗಂಡನಿಗೆ ಒಂದು ಮಾತು ಕೇಳವ್ವಾ, ನಿಜವಾಗಿ ಏನಾಯಿತು ಅಂತ, ಎಂದು ಬೇಡಿಕೊಂಡೆ. ಹೌದು, ಬೇಡಿಕೊಂಡೆ. ಅವಳು ತಣ್ಣಗೆ, "ಆಫೀಸ್ ವಿಷಯ ಮನೆಗೆ ತರಬೇಡಿ ಅಕ್ಕ" ಎಂದು ಫೋನ್ ಇಟ್ಟಳು.

ಡಿಸೆಂಬರ್‌ನಲ್ಲಿ ಆ ಕಾರು ಹಡಗಿನಲ್ಲಿ ವಾಪಸು ಬಂತು. ನಮ್ಮವರ ಕೆಲಸದ ಕೊನೆಯ ತಿಂಗಳು ಅದು. ಮುಂದಿನ ಜಾಲರಿ ಬಿಚ್ಚಿ ನೋಡಿದರೆ ರೇಡಿಯೇಟರಿನ ಸಂದಿಗಳಲ್ಲೆಲ್ಲ ಧೂಳು ಗಟ್ಟಿಯಾಗಿ ಕೂತಿತ್ತು. ಬೆರಳಿಗೆ ಅಂಟಿಸಿಕೊಂಡು ನಾಲಿಗೆಯ ಮೇಲೆ ಇಟ್ಟರಂತೆ. ಪಕ್ಕದಲ್ಲಿದ್ದ ಮೆಕ್ಯಾನಿಕ್ ಹೇಸಿಕೊಂಡ. ಆದರೆ ನಮ್ಮ ಮಾವ ಬಾಳಪ್ಪನವರ ಮಗ ಮತ್ತೇನು ಮಾಡಿಯಾನು? ಘಟಪ್ರಭಾ ಕಾಲುವೆಯ ನೀರು ಹೆಚ್ಚಾಗಿ ಸುತ್ತಲಿನ ಹೊಲಗಳು ಸವಳಾದಾಗ, ಎಲ್ಲಿಯ ತನಕ ಉಪ್ಪೆದ್ದಿದೆ ಎಂದು ಮಾವ ಹೆಜ್ಜೆ ಹೆಜ್ಜೆಗೂ ಮಣ್ಣು ನೆಕ್ಕಿ ನೋಡುತ್ತಿದ್ದರು. ಮಗನಿಗೂ ಅದೇ ಚಾಳಿ.

ಅಂದು ನಮ್ಮವರು ಊಟದ ಚಟ್ನಿ ಡಬ್ಬಿಯನ್ನು ತೊಳೆದು, ಒರೆಸಿ, ಅದರಲ್ಲಿ ಆ ಧೂಳು ತುಂಬಿಕೊಂಡು ಮನೆಗೆ ಬಂದರು.

"ಇದರಾಗ ಉಪ್ಪಿಲ್ಲ" ಎಂದರು.

"ಮಣ್ಣಾಗ ಉಪ್ಪ್ಯಾಕ ಇರತೈತ್ರಿ?"

"ಉಪ್ಪಿನ ಬಯಲಾಗ ಮೂರು ದಿನ ನಿಂತಿತ್ತಂತ ಬರದಾನ. ಅಲ್ಲಿ ನಿಂತ ಕಾರಿನ ಧೂಳು ಸಪ್ಪಗ ಹೆಂಗ ಇರತೈತಿ? ಇದು ಗರಸು, ಬರೇ ಕಲ್ಲಿನ ಪುಡಿ. ಅಂವ ತಳಕ್ಕ ಇಳದಽ ಇಲ್ಲ, ಶ್ರೀದೇವಿ."

ಮರುದಿನ ಡಬ್ಬಿ ಹಿಡಿದು ಕ್ರೂಗರ್ ಮುಂದೆ ನಿಂತರು. ಆತ ಒಳಗೆ ಇಣುಕಿ, ಧೂಳು ಡೇಟಾ ಅಲ್ಲ, ಹೋಲಿಸಿ ನೋಡಲು ಇನ್ನೊಂದು ಮಾದರಿ ಎಲ್ಲಿದೆ ಎಂದು ಕೇಳಿದ. ಇರಲಿಲ್ಲ. ನಮ್ಮವರು ಆ ಕಣಿವೆಯನ್ನು ಕಂಡವರೇ ಅಲ್ಲ. ಆಗಿನ ಕಾರಿನಲ್ಲಿ ಜಿಪಿಎಸ್ ಕೂಡ ಇರಲಿಲ್ಲ. ಎಲ್ಲಿ ನಿಂತಿದ್ದೆವು ಎಂಬುದಕ್ಕೆ ಮಹೇಶನ ಕೈಬರಹ ಒಂದೇ ಸಾಕ್ಷಿ.

ಡಬ್ಬಿಯನ್ನು ನಾನು ಎಸೆಯಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ ಖಾರದ ಪುಡಿಯ ಪಕ್ಕ ಇಟ್ಟೆ, ದಿನಾ ಕಣ್ಣಿಗೆ ಬೀಳಲಿ ಎಂದು.

ಗಡುವು ಮುಗಿಯಲು ಒಂಬತ್ತು ದಿನ ಇದ್ದಾಗ ದೂರದ ಫೊಯರ್‌ಬಾಕ್ ಎಂಬ ಊರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತು. ನಮ್ಮವರು ಅದಕ್ಕೆ ಹೂಂ ಎಂದ ಕಾರಣ ನನಗೊಬ್ಬಳಿಗೇ ಗೊತ್ತು. ವೋಲ್ಫ್ಸ್‌ಬುರ್ಗ್‌ನ ಆ ಸಣ್ಣ ಕಂಪನಿಯಿಂದ ವರದಿಗಳನ್ನು ಕೊಳ್ಳುತ್ತಿದ್ದ ಗಿರಾಕಿ ಈ ಕಂಪನಿಯೇ.

ಆಮೇಲೆ ಶನಿವಾರ ಬಂತೆಂದರೆ ಲೈಬ್ರರಿ. ನಿಘಂಟು ಪಕ್ಕಕ್ಕಿಟ್ಟುಕೊಂಡು ಜರ್ಮನ್ ಭೂಗರ್ಭಶಾಸ್ತ್ರದ ಪುಸ್ತಕ ಓದುವುದು, ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದ ನನಗೆ ಪಾಠ ಹೇಳುವುದು. ಆ ಡೆತ್ ವ್ಯಾಲಿಯಲ್ಲಿ ನೆಲವನ್ನು ಎರಡೂ ಕಡೆಯಿಂದ ಜಗ್ಗಿದಂತಾಗಿ ಭೂಮಿ ಬಿರಿದಿದೆಯಂತೆ. ನಡುವಿನ ತುಂಡು ಕುಸಿಯುತ್ತ ಸಮುದ್ರ ಮಟ್ಟಕ್ಕಿಂತ ಕೆಳಗೆ ಹೋಗಿದೆ, ಅಕ್ಕಪಕ್ಕದ ಬೆಟ್ಟಗಳು ಏಳುತ್ತಲೇ ಇವೆ. ಕಾದ ಗಾಳಿ ಮೇಲೇರಿದರೂ ಬೆಟ್ಟಗಳ ನಡುವೆ ತಿರುಗಿ ಕೆಳಗೇ ಇಳಿದು ಮತ್ತಷ್ಟು ಕಾಯುತ್ತದೆ. ವರ್ಷಕ್ಕೊಮ್ಮೆಯೋ ಎರಡು ಸಲವೋ ಮಳೆ ಬಿದ್ದರೆ ಕೊರಕಲುಗಳಿಂದ ನೀರು ನುಗ್ಗುತ್ತದೆ. ಜೋಳ ತೂರುವಾಗ ಕಾಳು ಕಾಲ ಬುಡಕ್ಕೆ ಬಿದ್ದು ಹೊಟ್ಟು ದೂರ ಹೋಗುವಂತೆ, ಆ ನೀರು ಕಲ್ಲು ಗರಸುಗಳನ್ನು ಬೆಟ್ಟದ ಬುಡದಲ್ಲೇ ಬೀಸಣಿಗೆಯ ಆಕಾರದಲ್ಲಿ ಹರವಿ, ಸಣ್ಣ ಕೆಸರನ್ನು ಮಾತ್ರ ಮುಂದೆ ಒಯ್ಯುತ್ತದೆ. ಹರಿದು ಹೊರಗೆ ಹೋಗಲು ದಾರಿಯಿಲ್ಲ. ತಳದಲ್ಲಿ ನಿಂತು ಆರುತ್ತದೆ, ಉಪ್ಪು ಉಳಿಯುತ್ತದೆ. ಸಾವಿರಾರು ವರ್ಷ ಹೀಗೇ ನಡೆದು ತಳವೆಲ್ಲ ಬಿಳಿ ಹೆಪ್ಪಾಗಿದೆ.

"ಅಂದ್ರ ಆ ಕಣಿವ್ಯಾಗ ಯಾ ಜಾಗಾದ ಮಣ್ಣು ಯಾವ್ದು ಅಂತ ಕಣ್ಣು ಮುಚ್ಚಿ ಹೇಳಬಹುದು" ಎಂದರು.

"ಹಂಗಾರ ಹೋಗಿ ಬರ್ರಿ" ಎಂದೆ.

ಎರಡು ಸಾವಿರದ ಮೂರರ ಜುಲೈನಲ್ಲಿ ಎಲ್ಲರೂ ಒಲ್ಲೆನ್ನುವ ಆ ಕಣಿವೆಯ ಪ್ರವಾಸವನ್ನು ಹೊಸ ಕಂಪನಿಯಲ್ಲಿ ಕೇಳಿ ಪಡೆದು ಹೋದರು. ಅಲ್ಲಿಂದ ಕಲ್ಲು ಮಣ್ಣು ಎತ್ತಿ ತರಬಾರದೆಂದು ಕಾನೂನಿದೆ. ನಮ್ಮವರು ನೆಲ ಮುಟ್ಟಲಿಲ್ಲ. ಘಾಟಿಯಿಂದ ತಳದ ತನಕ ಏಳು ಕಡೆ ಕಾರು ನಿಲ್ಲಿಸಿ, ಪ್ರತಿ ಸಲ ಮೊದಲು ರೇಡಿಯೇಟರ್ ತೊಳೆದು, ಓಡಿಸಿ, ಅದರ ಮೇಲೆ ಕೂತದ್ದನ್ನು ಬ್ರಷ್‌ನಿಂದ ಕೆರೆದು ಕ್ಯಾಮೆರಾ ರೀಲಿನ ಡಬ್ಬಿಗಳಲ್ಲಿ ತುಂಬಿಕೊಂಡರು. ತಳದಲ್ಲಿ ಉಸಿರು ಎಳೆದರೆ ಮೂಗು ಸುಡುತ್ತಿತ್ತಂತೆ. ಬೆವರು ಹನಿಯಾಗುವ ಮೊದಲೇ ಆರಿ ತೋಳಿನ ಮೇಲೆ ಬಿಳಿ ಗೆರೆಯಾಗುತ್ತಿತ್ತು. ಇಷ್ಟೆಲ್ಲ ಒಬ್ಬನ ಸುಳ್ಳಿಗಾಗಿ. ಅವರು ತಪ್ಪಿಯೂ ಹಾಗೆನ್ನಲಿಲ್ಲ, ನಾನು ಎನ್ನುತ್ತೇನೆ.

ನವೆಂಬರ್‌ನಲ್ಲಿ ವೋಲ್ಫ್ಸ್‌ಬುರ್ಗ್‌ನಲ್ಲಿ ಸಭೆ. ಗಿರಾಕಿಯ ಕಡೆಯಿಂದ ಹಳೆಯ ವರದಿಗಳನ್ನು ಪರಿಶೀಲಿಸಲು ಬಂದವರು ನಮ್ಮವರು, ಉತ್ತರ ಹೇಳಬೇಕಾದವನು ಮಹೇಶ. ನಡೆದದ್ದನ್ನು ಅವರು ನನಗೆ ಮೂರು ಸಲ ಹೇಳಿದರು, ಮೂರು ಸಲವೂ ನಾನೇ ಹೇಳಿಸಿದ್ದು.

ಮೇಜಿನ ಮೇಲೆ ಏಳು ಡಬ್ಬಿ ಸಾಲಾಗಿ ಇಟ್ಟರು. ಕೊನೆಗೆ ನನ್ನ ಚಟ್ನಿ ಡಬ್ಬಿ. ಅದನ್ನು ಕಂಡ ಕೂಡಲೇ ಮಹೇಶನ ಮುಖ ಇಳಿಯಿತಂತೆ. ಇಳಿಯದೆ ಏನು, ಮೂರು ತಿಂಗಳು ಅದರಲ್ಲೇ ಕೈ ಹಾಕಿ ತಿಂದವನು.

ಎರಡು ಗಾಜಿನ ಲೋಟದಲ್ಲಿ ನೀರು ತರಿಸಿದರು. ತಳದ ಧೂಳನ್ನು ಒಂದಕ್ಕೆ ಸುರಿದು ಕಲಕಿದರು. ಮುಕ್ಕಾಲು ಪಾಲು ಕರಗಿಹೋಯಿತು. ಚಟ್ನಿ ಡಬ್ಬಿಯದನ್ನು ಇನ್ನೊಂದಕ್ಕೆ ಸುರಿದರು. ಗರಸು ಗರಸಾಗಿಯೇ ಕೆಳಗೆ ಕೂತಿತು.

"ನಾಲಗಿ ಮ್ಯಾಲ ಇಟ್ಟು ನೋಡಪಾ ಮಹೇಶ" ಎಂದು ಕನ್ನಡದಲ್ಲೇ ಹೇಳಿದರು. "ಉಪ್ಪೈತೇನು?"

ಮಹೇಶ ಮುಟ್ಟಲಿಲ್ಲ. ಕ್ರೂಗರ್ ಮುಟ್ಟಿದ. ಎರಡೂ ಲೋಟಕ್ಕೆ ಬೆರಳದ್ದಿ ನೆಕ್ಕಿ, ಲೋಟಗಳನ್ನು ಮಹೇಶನ ಮುಂದೆ ಸರಿಸಿದ.

ಬಾಯಿ ಬಿಟ್ಟ ಮಹೇಶ. ತಳದ ಸೆಕೆ ಮೊದಲ ದಿನವೇ ತಾಳಲಾಗದೆ, ಹೋಟೆಲಿನ ಹತ್ತಿರ ಬೆಟ್ಟದ ಬುಡದಲ್ಲೇ ಕಾರು ನಿಲ್ಲಿಸಿ ತಾನು ಎಸಿಯಲ್ಲಿ ಮಲಗಿದ್ದ. ಗಾಳಿಗೆ ರೇಡಿಯೇಟರಿನಲ್ಲಿ ಗರಸು ತುಂಬಿತು. ತೊಳೆಯದೆ ಘಾಟಿ ಹತ್ತಿಸಿದ. ಫ್ಯಾನ್ ಸರಿಯಾದ ಹೊತ್ತಿಗೇ ತಿರುಗಿತ್ತು, ಗಾಳಿ ಒಳಗೆ ಹೋಗಲು ದಾರಿ ಇರಲಿಲ್ಲ. ಆ ವಾರವೇ ವರದಿ ತಿದ್ದಿ ಬಂತು. ಆ ಸಾಲು ಹೋಗಿತ್ತು, ನಮ್ಮವರ ಹೆಸರೂ ಹೋಗಿತ್ತು. ಕಾಗದವನ್ನು ಎರಡು ಸಲ ಓದಿ ಅವರು ಸ್ನಾನಕ್ಕೆ ಹೋದರು. ಸಿಟ್ಟಿಲ್ಲದ ಮನುಷ್ಯನಿಗೆ ಅಷ್ಟೇ ಸಾಕಾಗಿತ್ತು.

ನನಗೆ ಸಾಕಾಗಿರಲಿಲ್ಲ. ಫೋನ್ ಬಂದೇ ಬರುತ್ತದೆ ಎಂದು ಕಾದೆ. ಹನ್ನೆರಡನೆಯ ದಿನ ಬಂತು.

"ಅಕ್ಕ, ನಾನು ಲಾವಣ್ಯಾ. ಇವರಿಗೆ ಕ್ಯೂಂಡಿಗುಂಗ್ ಕೊಟ್ಟಿದಾರೆ ಅಕ್ಕ. ನನಗೀಗ ಏಳು ತಿಂಗಳು. ಅಣ್ಣ ಒಂದು ಮಾತು ಹೇಳಿದ್ರೆ ಕ್ರೂಗರ್ ಕೇಳ್ತಾರೆ. ನೀವು ಅಣ್ಣಂಗೆ ಹೇಳಿ, ಪ್ಲೀಸ್."

ನಮ್ಮವರು ಅಲ್ಲೇ ಪವಿಯ ಬೂಟಿನ ದಾರ ಕಟ್ಟುತ್ತಿದ್ದರು. ಯಾರದು ಎಂದು ಕಣ್ಣಲ್ಲೇ ಕೇಳಿದರು. ಫೋನ್ ಕೊಟ್ಟರೆ ಅವರು ಹೂಂ ಎನ್ನುತ್ತಾರೆಂದು ನನಗೆ ಗೊತ್ತಿತ್ತು. ನಾನು ಆ ಕಡೆ ಬೆನ್ನು ತಿರುಗಿಸಿದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಬಾಯಲ್ಲಿ ಇಟ್ಟುಕೊಂಡಿದ್ದ ಮಾತನ್ನು, ಅವಳದೇ ಮೈಸೂರು ಕನ್ನಡದಲ್ಲಿ, ಅವಳಷ್ಟೇ ತಣ್ಣಗೆ ಹೇಳಿದೆ.

"ಆಫೀಸ್ ವಿಷಯ ಮನೆಗೆ ತರಬೇಡಿ ಲಾವಣ್ಯಾ."

ಪಾಪ ಅನಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಅನಿಸುತ್ತದೆ ಎಂದು ಗೊತ್ತಿತ್ತು. ಅದಕ್ಕೇ ಬೇಗ ಫೋನ್ ಇಟ್ಟೆ.